106ನೇ ಸ್ಕ್ವಾಡ್ರನ್ ಬಗ್ಗೆ ಗೊತ್ತಿರುವವರು ಇದ್ದೀರಾ? ಜೊತೆಗೆ ಅಪ್ಪನ ಪೆಟ್ಟಿಗೆಯ ಒಂದು ಒಗಟು

ಹಳೇಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ವಾಯುಸೇನೆಯಲ್ಲಿ ಫೋಟೋ ವಿಭಾಗದಲ್ಲಿದ್ದರು. ಎಪ್ಪತ್ತರ ದಶಕ, ಆಗ್ರಾ, 106ನೇ ಸ್ಕ್ವಾಡ್ರನ್. ನಮಗೆ ಗೊತ್ತಿರುವುದು ಇಷ್ಟೇ. ಏನ್ ಮಾಡ್ತಿದ್ರಿ ಅಂತ ಕೇಳಿದರೆ "ಫೋಟೋ ತೊಳೀತಿದ್ದೆ" ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಈಗ ವಯಸ್ಸು 81. ಕಿವಿ ಸ್ವಲ್ಪ ಮಂದ, ಹಟ ಮಾತ್ರ ಹಾಗೇ ಇದೆ.

ಮನೆಗೆ ಸುಣ್ಣ ಬಳಿಸುವಾಗ ಅಟ್ಟದಿಂದ ಅವರ ಕಬ್ಬಿಣದ ಪೆಟ್ಟಿಗೆ ಇಳಿಸಿದೆವು. ಒಳಗೆ ಒಂದು ಪುಟ್ಟ ಉಪಕರಣ ಸಿಕ್ಕಿತು. ಕನ್ನಡಕದ ಹಾಗೆ ಎರಡು ದಪ್ಪ ಗಾಜು, ಮಡಚುವ ನಾಲ್ಕು ತಂತಿ ಕಾಲು. ಜೊತೆಗೆ ಎರಡು ಕಪ್ಪು ಬಿಳುಪು ಫೋಟೋ. ನೋಡಿದರೆ ಎರಡೂ ಒಂದೇ ಥರ. ಒಂದು ನದಿ, ಸೇತುವೆ, ಸೇತುವೆ ಮೇಲೆ ಎರಡು ಲಾರಿ. ಹಿಂದೆ ಪೆನ್ಸಿಲ್‌ನಲ್ಲಿ "ಟ್ರೇನಿಂಗ್" ಎಂದು ಬರೆದಿದೆ.

ಫೋಟೋಗಳನ್ನು ಪಕ್ಕಪಕ್ಕ ಇಟ್ಟು ಆ ಗಾಜಿನಲ್ಲಿ ನೋಡಿದೆ. ಮೊದಲು ಕಣ್ಣು ನೋವು ಬಂತು. ಆಮೇಲೆ ಥಟ್ಟನೆ ಚಿತ್ರ ಎದ್ದು ನಿಂತಿತು. ಆದರೆ ತಮಾಷೆ ಏನು ಗೊತ್ತಾ? ನದಿ ಗುಡ್ಡದ ನೆತ್ತಿಯ ಮೇಲೆ ಹರಿಯುತ್ತಿದೆ! ಒಂದು ಲಾರಿ ಸೇತುವೆ ಮೇಲೆ ಸರಿಯಾಗಿದೆ, ಇನ್ನೊಂದು ಸೇತುವೆಯೊಳಗೆ ಮುಳುಗಿ ಹೋಗಿದೆ. ನನ್ನ ಕಣ್ಣು ಕೆಟ್ಟಿದೆಯೋ, ಗಾಜು ಕೆಟ್ಟಿದೆಯೋ ತಿಳಿಯಲಿಲ್ಲ. ಅಪ್ಪ ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ. ಕೇಳುವ ಮೊದಲು ಸ್ವಲ್ಪ ತಿಳಿದುಕೊಂಡು ಹೋಗೋಣ ಅಂತ ಇಲ್ಲಿಗೆ ಬಂದೆ.

ಸುಮ್ನೆಓದುಗ

ಅಣ್ಣ, ಟ್ರೇನಿಂಗ್ ಎಂದು ಬರೆದಿದ್ದರೂ ಆ ಫೋಟೋ ಮಾತ್ರ ಇಲ್ಲಿ ಹಾಕಬೇಡಿ. ಸುಮ್ನೆ ಯಾಕೆ ತಲೆನೋವು.

ಹಳೇಪೆಟ್ಟಿಗೆ

ಇಲ್ಲಪ್ಪ, ಹಾಕಲ್ಲ.

ರನ್‌ವೇ27

ಒಳ್ಳೆಯ ಸ್ಕ್ವಾಡ್ರನ್ ಎತ್ತಿದ್ದೀರಿ. ಸಾಹಸ ಅಂದ ಕೂಡಲೇ ಜನ ಫೈಟರ್‌ಗಳ ಬಗ್ಗೆ ಮಾತಾಡುತ್ತಾರೆ. ಇವರನ್ನು ಕೇಳುವವರೇ ಇಲ್ಲ.

106ರ ಹೆಸರು ಲಿಂಕ್ಸ್. ಚೂಪು ಕಣ್ಣಿಗೆ ಹೆಸರಾದ ಕಾಡುಬೆಕ್ಕಿನ ಜಾತಿ ಅದು. ಅವರ ವಿಮಾನ ಕ್ಯಾನ್‌ಬೆರಾ. ಬ್ರಿಟನ್ನಿನ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯದು, ಮೊದಲ ಸಲ ಹಾರಿದ್ದು 1949ರ ಮೇ 13ರಂದು. ಭಾರತ 1957ರಲ್ಲಿ ಕೊಂಡಾಗ ಜಾಸ್ತಿ ಇದ್ದದ್ದು ಬಾಂಬರ್‌ಗಳೇ, ಐವತ್ತಕ್ಕೂ ಹೆಚ್ಚು. ಎಂಟು ಮಾತ್ರ ಪಿಆರ್ 57, ಅಂದರೆ ಫೋಟೋ ತೆಗೆಯಲೆಂದೇ ಕಟ್ಟಿದವು. ಬಾಂಬ್ ಇಲ್ಲ, ಬಂದೂಕಿಲ್ಲ. ಆ ಜಾಗದಲ್ಲಿ ಕ್ಯಾಮೆರಾ ಮತ್ತು ಪೆಟ್ರೋಲು. (ಪೆಟ್ರೋಲಲ್ಲ, ಸೀಮೆಎಣ್ಣೆಯ ಅಣ್ಣತಮ್ಮ. ಯಾರಾದರೂ ತಿದ್ದುವ ಮೊದಲು ನಾನೇ ಹೇಳಿಬಿಡುತ್ತೇನೆ.)

ಒಳಗೆ ಇಬ್ಬರೇ. ಪೈಲಟ್ ಮೇಲೆ ಗಾಜಿನ ಗುಮ್ಮಟದಡಿ ಕೂರುತ್ತಾನೆ. ದಾರಿ ಹೇಳುವ ನೇವಿಗೇಟರ್‌ನ ಸೀಟು ಅವನ ಹಿಂದೆ ಕತ್ತಲಲ್ಲಿ. ಫೋಟೋ ತೆಗೆಯುವ ಜಾಗ ಹತ್ತಿರ ಬಂದಾಗ ಅವನು ಸೀಟು ಬಿಟ್ಟು ತೆವಳಿಕೊಂಡು ಮೂತಿಗೆ ಹೋಗಿ, ಗಾಜಿನ ಮುಂದೆ ಹೊಟ್ಟೆಯ ಮೇಲೆ ಮಲಗುತ್ತಾನೆ. ಅಪಾಯದಲ್ಲಿ ಹೊರಗೆ ಚಿಮ್ಮಿಸುವ ಎಜೆಕ್ಷನ್ ಸೀಟು ಹಿಂದೆಯೇ ಉಳಿಯಿತು. ಆ ಹೊತ್ತಿನಲ್ಲಿ ಏನಾದರೂ ಆದರೆ ಮತ್ತೆ ತೆವಳಿ ವಾಪಸ್ ಬಂದು ಕೂರಬೇಕು. ನನಗಂತೂ ಅದನ್ನು ನೆನೆದರೇ ಉಸಿರು ಕಟ್ಟುತ್ತದೆ.

ಸುಮ್ನೆಓದುಗ

ಬಂದೂಕಿಲ್ಲದೆ ಶತ್ರು ದೇಶದ ಮೇಲೆ ಹೋಗೋದಾ? ಯಾವ ಧೈರ್ಯದ ಮೇಲೆ?

ರನ್‌ವೇ27

ಎತ್ತರ ಮತ್ತು ವೇಗ. ಆ ಕಾಲಕ್ಕೆ ಹದಿನಾಲ್ಕು ಕಿಲೋಮೀಟರ್ ಎತ್ತರಕ್ಕೆ ಬೇರೆಯವರು ಸುಲಭವಾಗಿ ಬರುತ್ತಿರಲಿಲ್ಲ.

ಆದರೆ ಆ ನಂಬಿಕೆಗೆ ಮೊದಲ ಪೆಟ್ಟು ಬೇಗನೇ ಬಿತ್ತು. 1959ರ ಏಪ್ರಿಲ್ 10, ಈದ್ ಹಬ್ಬದ ದಿನ. ನಮ್ಮ ಒಂದು ಕ್ಯಾನ್‌ಬೆರಾ ರಾವಲ್ಪಿಂಡಿ ಕಡೆ ಹೋಗಿತ್ತು. ಹಬ್ಬದ ದಿನ ಅವರು ಮೈಮರೆತಿರುತ್ತಾರೆ ಎಂಬ ಲೆಕ್ಕ ಇದ್ದಿರಬಹುದು ಅಂತ ನನ್ನ ಊಹೆ. ಎರಡು ಸೇಬರ್ ಫೈಟರ್‌ಗಳು ಬೆನ್ನು ಹತ್ತಿದವು. ಪಾಕಿಸ್ತಾನದ ಕಡೆಯವರು ಹೇಳುವ ಪ್ರಕಾರ ಸೇಬರ್‌ಗಳಿಗೆ ಆ ಎತ್ತರ ಮುಟ್ಟಲು ಆಗಲಿಲ್ಲ. ಮೂತಿ ಎತ್ತಿ ಏರಿದರೆ ಉಸಿರು ಕಳೆದುಕೊಂಡು ಬೀಳುತ್ತಿದ್ದವು. ಕ್ಯಾನ್‌ಬೆರಾ ಒಂದು ತಿರುವು ತೆಗೆದುಕೊಂಡಿತು. ಅಷ್ಟು ತೆಳು ಗಾಳಿಯಲ್ಲಿ ತಿರುಗಿದರೆ ಎತ್ತರ ಸೋರಿಹೋಗುತ್ತದೆ. ಕೆಳಗೆ ಕಾಯುತ್ತಿದ್ದ ಫ್ಲೈಟ್ ಲೆಫ್ಟಿನೆಂಟ್ ಯೂನಿಸ್ ಗುಂಡು ಹಾರಿಸಿದರು. ನಮ್ಮ ಸೇನ್‌ಗುಪ್ತ, ರಾಂಪಾಲ್ ಇಬ್ಬರೂ ಎಜೆಕ್ಟ್ ಆಗಿ ಸೆರೆಸಿಕ್ಕರು, ಆಮೇಲೆ ಭಾರತಕ್ಕೆ ಮರಳಿದರು. ಪಾಕಿಸ್ತಾನ ವಾಯುಪಡೆ ಹೊಡೆದುರುಳಿಸಿದ ಮೊದಲ ವಿಮಾನ ಅದು.

ಲೆಕ್ಕದಮೇಷ್ಟ್ರು

ಹಳೇಪೆಟ್ಟಿಗೆಯವರೇ, ನಿಮ್ಮ ಕಣ್ಣೂ ಸರಿ, ಗಾಜೂ ಸರಿ. ಫೋಟೋ ಅದಲುಬದಲಾಗಿದೆ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಇಡಿ. ತಲೆಕೆಳಗು ಮಾಡಬೇಡಿ, ಜಾಗ ಮಾತ್ರ ಬದಲಿಸಿ. ನದಿ ಕಣಿವೆಗೆ ಇಳಿಯುತ್ತದೆ.

ಆ ಉಪಕರಣದ ಹೆಸರು ಸ್ಟೀರಿಯೋಸ್ಕೋಪ್. ನಮ್ಮ ಎರಡು ಕಣ್ಣಿನ ನಡುವೆ ಆರೂವರೆ ಸೆಂಟಿಮೀಟರ್ ಅಂತರ. ಹತ್ತಿರದ ವಸ್ತುವಿನ ಆಳ ತಿಳಿಯಲು ಅಷ್ಟು ಸಾಕು. ದೂರದ ಬೆಟ್ಟಕ್ಕೆ ಸಾಲದು. ವಿಮಾನ ಹೋಗುತ್ತಾ ಹೋಗುತ್ತಾ ಕ್ಯಾಮೆರಾ ಕ್ಲಿಕ್ ಆಗುತ್ತಿರುತ್ತದೆ. ಒಂದು ಫೋಟೋದಲ್ಲಿರುವ ನೆಲದ ನೂರಕ್ಕೆ ಅರವತ್ತು ಪಾಲು ಮುಂದಿನ ಫೋಟೋದಲ್ಲೂ ಬರುವ ಹಾಗೆ ಹೊಂದಿಸಿರುತ್ತಾರೆ. ಮೊದಲ ಕ್ಲಿಕ್ ಒಂದು ಕಣ್ಣು, ಎರಡನೆಯದು ಇನ್ನೊಂದು ಕಣ್ಣು. ನೂರಾರು ಮೀಟರ್ ಅಂತರದಲ್ಲಿ ಎರಡು ಕಣ್ಣಿರುವ ರಾಕ್ಷಸ ಕೆಳಗೆ ಬಗ್ಗಿ ನೋಡಿದ ಹಾಗೆ. ಅದಕ್ಕೇ ಸಣ್ಣ ದಿಬ್ಬವೂ ದೊಡ್ಡದಾಗಿ ಎದ್ದು ಕಾಣುತ್ತದೆ. ಎಡ ಬಲ ಅದಲುಬದಲಾದರೆ ಉಬ್ಬಿದ್ದು ತಗ್ಗು, ತಗ್ಗಿದ್ದು ಉಬ್ಬು.

ಇನ್ನೊಂದು ಲೆಕ್ಕ. ಫೋಟೋದ ಅಳತೆ ಎಂದರೆ ಲೆನ್ಸಿನ ನಾಭಿದೂರವನ್ನು ಹಾರುವ ಎತ್ತರದಿಂದ ಭಾಗಿಸಿದಷ್ಟು. ಕ್ಯಾನ್‌ಬೆರಾದಲ್ಲಿ ಬಳಸುತ್ತಿದ್ದ ಕ್ಯಾಮೆರಾಗಳಿಗೆ 36 ಇಂಚಿನ ಲೆನ್ಸ್ ಇರುತ್ತಿತ್ತು, ಅಂದರೆ ಸುಮಾರು 91 ಸೆಂಟಿಮೀಟರ್. 12 ಕಿಲೋಮೀಟರ್ ಮೇಲಿಂದ ತೆಗೆದರೆ ಫೋಟೋದ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 130 ಮೀಟರ್. ಎಂಟು ಮೀಟರ್ ಉದ್ದದ ಲಾರಿ ಆ ಕಾಗದದ ಮೇಲೆ ಎಷ್ಟು? 0.6 ಮಿಲಿಮೀಟರ್. ಸಾಸಿವೆ ಕಾಳಿಗಿಂತ ಚಿಕ್ಕದು. ಅದು ಲಾರಿಯೋ, ಫಿರಂಗಿಯೋ, ಬಂಡೆಯೋ ಹೇಳಬೇಕು. ನಿಮ್ಮ ಅಪ್ಪ "ತೊಳೆದ" ಫೋಟೋ ಅಂಥದ್ದು.

ನಿಮ್ಮ ಫೋಟೋದಲ್ಲಿ ಲಾರಿಗಳು ಚೆನ್ನಾಗಿ ಕಾಣುತ್ತವೆ ಎಂದರೆ ಅದನ್ನು ಬಹಳ ಕೆಳಗಿಂದ ತೆಗೆದಿರಬೇಕು. ಮುಳುಗಿದ ಲಾರಿ ಮಾತ್ರ ನನಗೂ ತಕ್ಷಣ ಹೊಳೆಯುತ್ತಿಲ್ಲ. ಜಾಗ ಬದಲಿಸಿ ನೋಡಿ ಹೇಳಿ.

ಮೋಡದಾಚೆ

ನಾನು ಉಪಗ್ರಹ ಚಿತ್ರ ಓದುವ ಕೆಲಸದಲ್ಲಿದ್ದೇನೆ, ಯುದ್ಧದ್ದಲ್ಲ, ಬೆಳೆಯದ್ದು. ಮೇಷ್ಟ್ರು ಹೇಳಿದ ಸಾಸಿವೆ ಕಾಳಿನ ಮಾತಿಗೆ ಒಂದು ಸೇರಿಸುತ್ತೇನೆ. ಮೇಲಿಂದ ನೋಡಿದಾಗ ವಸ್ತುವಿಗಿಂತ ನೆರಳು ಜಾಸ್ತಿ ಹೇಳುತ್ತದೆ. ನೀರಿನ ಟ್ಯಾಂಕ್ ಬರೀ ಒಂದು ಬಿಳಿ ಚುಕ್ಕೆ. ಅದರ ನೆರಳಿನಲ್ಲಿ ಕಂಬ, ಏಣಿ ಎಲ್ಲ ಇರುತ್ತದೆ. ನೆತ್ತಿಯ ಮೇಲಿನ ಬಿಸಿಲಲ್ಲಿ ತೆಗೆದ ಚಿತ್ರ ಬೋಳು ಬೋಳು.

ಇನ್ನೊಂದು, ದಾರಿಗಳು. ಯಾವುದನ್ನು ಬೇಕಾದರೂ ಬಲೆ ಹಾಕಿ ಮುಚ್ಚಬಹುದು. ಆದರೆ ಅಲ್ಲಿಗೆ ಹೋಗಿ ಬಂದ ಚಕ್ರದ ಗುರುತು ಮುಚ್ಚುವುದು ಕಷ್ಟ. ಎಲ್ಲಿಗೂ ಹೋಗದೆ ಒಂದು ಮರದ ಕೆಳಗೆ ನಿಂತುಬಿಡುವ ದಾರಿ ಕಂಡರೆ, ಆ ಮರದ ಕೆಳಗೆ ಏನೋ ಇದೆ.

ಬ್ಲ್ಯಾಕ್‌ಬಾಕ್ಸ್

106ರ ಮಾತು ಬಂದ ಮೇಲೆ ಜಗ್ಗಿ ನಾಥ್ ಹೆಸರು ಹೇಳದೆ ಹೇಗೆ? ಪೂರ್ತಿ ಹೆಸರು ಜಗ್ ಮೋಹನ್ ನಾಥ್. 1962ರಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದಾಗ ಒಂದು ಮಹಾವೀರ ಚಕ್ರ, 1965ರಲ್ಲಿ ವಿಂಗ್ ಕಮಾಂಡರ್ ಆಗಿದ್ದಾಗ ಇನ್ನೊಂದು. ಎರಡು ಸಲ ಆ ಪದಕ ಪಡೆದವರು ದೇಶದಲ್ಲೇ ಬೆರಳೆಣಿಕೆ, ಅವರಲ್ಲಿ ಇವರು ಮೊದಲಿಗರು. ಒಂದು ಗುಂಡೂ ಹಾರಿಸದೆ!

ಅಕ್ಸಾಯ್ ಚಿನ್ ಮತ್ತು ಟಿಬೆಟ್ ಮೇಲೆ ಅವರು ಯುದ್ಧಕ್ಕೆ ಮೊದಲೇ ಹೋಗಿ ಬರುತ್ತಿದ್ದರು. ಚೀನಾದವರ ಜಮಾವಣೆ ಫೋಟೋದಲ್ಲಿ ಬಂದಿತ್ತು. ತಮ್ಮನ್ನು ತಡೆಯಲು ಅಲ್ಲಿ ಒಂದು ವಿಮಾನವೂ ಬರಲಿಲ್ಲ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಆದರೂ 1962ರಲ್ಲಿ ನಮ್ಮ ಫೈಟರ್, ಬಾಂಬರ್‌ಗಳು ನೆಲದಲ್ಲೇ ಉಳಿದವು. ಸಾಮಾನು ಸಾಗಿಸುವ ವಿಮಾನ, ಹೆಲಿಕಾಪ್ಟರ್ ಮಾತ್ರ ಹಾರಿದವು. ಫೋಟೋ ಕೈಯಲ್ಲಿತ್ತು, ನಂಬುವ ಮನಸ್ಸಿರಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ.

ರನ್‌ವೇ27

ಇಲ್ಲಿ ಸ್ವಲ್ಪ ಜಗಳ ಆಡುತ್ತೇನೆ. ನಾಥ್ ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಫೋಟೋದಲ್ಲಿ ಲಾರಿ ಕಾಣುತ್ತದೆ, ಲಾರಿ ಕಳಿಸಿದವನ ಮನಸ್ಸು ಕಾಣುವುದಿಲ್ಲ. ಇಷ್ಟು ಜನ ಸೇರಿದ್ದಾರೆ ಅಂತ ಗೊತ್ತಾಗುತ್ತದೆ. ದಾಳಿಗೋ, ಹೆದರಿಸಲಿಕ್ಕೋ ಅಂತ ಅದರಲ್ಲಿ ಬರೆದಿರುವುದಿಲ್ಲ. ಕಲ್ಕತ್ತಾ ಮೇಲೆ ಬಾಂಬ್ ಬಿದ್ದರೆ ಎಂಬ ಭಯವೂ ದೆಹಲಿಗಿತ್ತು. ಈಗ ಕೂತು ತಪ್ಪು ಹುಡುಕುವುದು ಸುಲಭ.

ಬ್ಲ್ಯಾಕ್‌ಬಾಕ್ಸ್

ಒಪ್ಪಲ್ಲ ಗುರುವೇ. ಮನಸ್ಸು ಕಾಣಬೇಕಿರಲಿಲ್ಲ. ಎದುರಿಗೆ ವಿಮಾನ ಬರುತ್ತದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಫೋಟೋದಲ್ಲಿ ಬೇಡ, ತೆಗೆದವನು ಜೀವಂತ ವಾಪಸ್ ಬಂದನಲ್ಲ, ಅದರಲ್ಲೇ ಇತ್ತು. ಒಂದು ಸಲವಲ್ಲ, ಮತ್ತೆ ಮತ್ತೆ.

ರನ್‌ವೇ27

ಹ್ಞೂಂ. ಇದು ಒಳ್ಳೆಯ ಮಾತು. ನಾನು ಹಾಗೆ ಯೋಚಿಸಿರಲಿಲ್ಲ. ಕಲ್ಕತ್ತಾದ ಭಯ ಮಾತ್ರ ನಿಜವಾದದ್ದೇ, ಅದನ್ನು ಬಿಟ್ಟುಕೊಡಲ್ಲ.

ಕರಾವಳಿಗಾಳಿ

1971ರಲ್ಲಿ ಈ ಸ್ಕ್ವಾಡ್ರನ್ನಿನ ಮುಖ್ಯಸ್ಥರು ವಿಂಗ್ ಕಮಾಂಡರ್ ರಮೇಶ್ ಸಖಾರಾಮ್ ಬೆನೆಗಲ್. ಬೆನೆಗಲ್ ಎಂದರೆ ನಮ್ಮ ಕಡೆಯವರಿಗೆ ಕಿವಿ ನೆಟ್ಟಗಾಗುತ್ತದೆ. ಸಂವಿಧಾನದ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾಯರು ಹುಟ್ಟಿದ್ದು ಮಂಗಳೂರಿನಲ್ಲೇ ಅಲ್ವಾ.

ಆದರೆ ರಮೇಶ್ ಬೆನೆಗಲ್ ಹುಟ್ಟಿದ್ದು ರಂಗೂನಿನಲ್ಲಿ. ಹದಿಹರೆಯದಲ್ಲೇ ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದರು. ಬೋಸ್ ತರಬೇತಿಗೆಂದು ಜಪಾನಿಗೆ ಕಳಿಸಿದ ಸುಮಾರು 45 ಹುಡುಗರಲ್ಲಿ ಇವರೂ ಒಬ್ಬರು. ಟೋಕಿಯೋ ಕೆಡೆಟ್ಸ್ ಅನ್ನುತ್ತಿದ್ದರು. ಬ್ರಿಟಿಷರ ವಿರುದ್ಧ ಹೋರಾಡಲು ಜಪಾನಿನಲ್ಲಿ ಕಲಿತ ಹುಡುಗ, ಮುಂದೆ ಬ್ರಿಟಿಷರೇ ಮಾಡಿದ ಕ್ಯಾನ್‌ಬೆರಾ ಹಾರಿಸಿಕೊಂಡು, ಆಯುಧವಿಲ್ಲದೆ, ಬೆಂಗಾವಲಿಲ್ಲದೆ 1971ರ ಯುದ್ಧದಲ್ಲಿ ಶತ್ರು ನೆಲದ ಫೋಟೋ ತಂದು ಮಹಾವೀರ ಚಕ್ರ ಪಡೆದರು. ಕಥೆ ಕಟ್ಟಿ ಹೇಳಿದರೆ ಯಾರೂ ನಂಬಲ್ಲ.

ಹಳೇಪೆಟ್ಟಿಗೆ

ಬೆನೆಗಲ್ ಹೆಸರು ಅಪ್ಪನ ಬಾಯಲ್ಲಿ ಒಮ್ಮೆ ಕೇಳಿದ ನೆನಪು. "ಬೆನೆಗಲ್ ಸಾಬ್" ಅಂತ. ನಾವು ಯಾರೋ ಸಿನಿಮಾದವರು ಅಂದುಕೊಂಡಿದ್ದೆವು!

ಮೇಷ್ಟ್ರೇ, ಅದಲುಬದಲು ಮಾಡಿದೆ. ನೀವು ಹೇಳಿದ್ದೇ ಸರಿ. ನದಿ ಧಬಕ್ಕನೆ ಕಣಿವೆಗೆ ಇಳಿಯಿತು. ನಿಜವಾಗಲೂ ಮೈ ಜುಮ್ಮೆಂದಿತು. ಸೇತುವೆಯ ಕಂಬಗಳು ಉದ್ದುದ್ದ ಕಾಣುತ್ತವೆ. ಆದರೆ ಲಾರಿಯ ಕಥೆ ಇನ್ನೂ ವಿಚಿತ್ರ ಆಯಿತು. ಒಂದು ಸೇತುವೆ ಮೇಲೇ ಇದೆ. ಮುಳುಗಿತ್ತಲ್ಲ, ಅದು ಈಗ ಸೇತುವೆಯಿಂದ ಮೇಲೆ ಗಾಳಿಯಲ್ಲಿ ತೇಲುತ್ತಿದೆ!

ಸುಮ್ನೆಓದುಗ

ವಾಯುಸೇನೆಯ ಲಾರಿ ಇರಬೇಕು ಬಿಡಿ ಅಣ್ಣ.

ಬ್ಲ್ಯಾಕ್‌ಬಾಕ್ಸ್

😄

ಕ್ಯಾನ್‌ಬೆರಾಗಳ ನಂತರ ಬಂದ ತಮ್ಮನ ಬಗ್ಗೆಯೂ ಹೇಳಿಬಿಡುತ್ತೇನೆ. ಬರೇಲಿಯ 102ನೇ ಸ್ಕ್ವಾಡ್ರನ್, ಟ್ರೈಸಾನಿಕ್ಸ್. 1981ರಲ್ಲಿ ಸೋವಿಯತ್ ಒಕ್ಕೂಟದಿಂದ ಮಿಗ್-25 ಬಂತು. ನಮ್ಮವರು ಇಟ್ಟ ಹೆಸರು ಗರುಡ. ಒಟ್ಟು ಹತ್ತು ಕೂಡ ಇರಲಿಲ್ಲ. ಇಪ್ಪತ್ತು ಕಿಲೋಮೀಟರಿಗೂ ಎತ್ತರ, ಗಂಟೆಗೆ ಸುಮಾರು 3,000 ಕಿಲೋಮೀಟರ್ ವೇಗ. ಬೆಂಗಳೂರಿಂದ ಮೈಸೂರಿಗೆ ನೇರ ಗೆರೆ ಎಳೆದರೆ ಎರಡೂವರೆ ನಿಮಿಷದ ದಾರಿ.

ಆ ವೇಗದಲ್ಲಿ ಗಾಳಿಯ ಒತ್ತಡಕ್ಕೆ ಮೂತಿ ಸುಮಾರು 300 ಡಿಗ್ರಿ ಕಾಯುತ್ತದೆ. ಅಲ್ಯುಮಿನಿಯಂ ತಡೆಯುವುದಿಲ್ಲ. ಅದಕ್ಕೇ ಬಹುಪಾಲು ನಿಕಲ್ ಬೆರೆಸಿದ ಉಕ್ಕಿನಲ್ಲೇ ಕಟ್ಟಿದರು. ಪೈಲಟ್ ಗಗನಯಾತ್ರಿಯ ಹಾಗೆ ಒತ್ತಡದ ಉಡುಪು ಹಾಕಿ ಕೂರುತ್ತಾನೆ. 19 ಕಿಲೋಮೀಟರ್ ದಾಟಿದರೆ ಗಾಳಿಯ ಒತ್ತಡ ಎಷ್ಟು ಕಮ್ಮಿ ಎಂದರೆ, ಬಾಯಿಯ ಎಂಜಲು ಮೈ ಬಿಸಿಗೇ ಕುದಿಯುತ್ತದೆ. ಇನ್ನೊಂದು ತಮಾಷೆ. ಒಳಗಿನ ಯಂತ್ರ ತಣ್ಣಗಿಡಲು ಮದ್ಯಸಾರ ಬೇಕಿತ್ತು. ಸೋವಿಯತ್ ನೆಲೆಗಳಲ್ಲಿ ಅದು ವಿಮಾನಕ್ಕೆ ಎಷ್ಟು ಹೋಯಿತು, ಹೊಟ್ಟೆಗೆ ಎಷ್ಟು ಹೋಯಿತು ಎಂಬ ಲೆಕ್ಕ ಯಾರ ಹತ್ತಿರವೂ ಇಲ್ಲ.

1997ರ ಮೇ ತಿಂಗಳಲ್ಲಿ ಇಸ್ಲಾಮಾಬಾದಿನ ಜನರಿಗೆ ಆಕಾಶದಲ್ಲಿ ಢಮಾರ್ ಎಂಬ ಸದ್ದು ಕೇಳಿತು. ಅದು ಭಾರತದ ಮಿಗ್-25 ಎಂದು ಪಾಕಿಸ್ತಾನ ದೂರಿತು. 2006ರ ಮೇ 1ರಂದು ಬರೇಲಿಯಲ್ಲಿ ಅವುಗಳಿಗೆ ವಿದಾಯ ಹೇಳಿದರು.

ಮೋಡದಾಚೆ

ಕಾರ್ಗಿಲ್‌ನಲ್ಲಿ ಕ್ಯಾನ್‌ಬೆರಾಗೆ ಪೆಟ್ಟು ಬಿದ್ದದ್ದು ಗೊತ್ತಾ? ನಮ್ಮ ಕೆಲಸದಲ್ಲಿ "ಎತ್ತರ ಅಂದರೆ ಯಾವುದರಿಂದ ಎತ್ತರ" ಎಂದು ಹೊಸಬರಿಗೆ ಪಾಠ ಹೇಳುವಾಗ ಅದನ್ನೇ ಉದಾಹರಣೆ ಕೊಡುತ್ತೇನೆ.

ವಾಯುಸೇನೆಯ ಕಾರ್ಯಾಚರಣೆ ಇನ್ನೂ ಶುರುವಾಗಿರಲಿಲ್ಲ. ಅದು ಮೇ 26ಕ್ಕೆ. ಅದಕ್ಕೆ ಐದು ದಿನ ಮೊದಲೇ, 1999ರ ಮೇ 21ರಂದು, ಗುಡ್ಡದ ಮೇಲೆ ಯಾರಿದ್ದಾರೆ ನೋಡಿಕೊಂಡು ಬನ್ನಿ ಎಂದು ಒಂದು ಕ್ಯಾನ್‌ಬೆರಾ ಕಳಿಸಿದರು. ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದರೆ ಬಹಳ ಎತ್ತರವೇ. ಆದರೆ ಅಲ್ಲಿ ಗುಡ್ಡದ ನೆತ್ತಿಯೇ ಹದಿನಾರು, ಹದಿನೇಳು ಸಾವಿರ ಅಡಿ. ನೆತ್ತಿಯ ಮೇಲೆ ಕೂತವನಿಗೆ ವಿಮಾನ ಕೈಗೆ ಸಿಗುವಷ್ಟು ಹತ್ತಿರ. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಬಂದು ಎಂಜಿನ್‌ಗೆ ಬಡಿಯಿತು. ಸ್ಕ್ವಾಡ್ರನ್ ಲೀಡರ್ ಪೆರುಮಾಳ್ ಮತ್ತು ಸಂಗಡಿಗರು ಉಳಿದ ಒಂದೇ ಎಂಜಿನ್ ಮೇಲೆ ಶ್ರೀನಗರಕ್ಕೆ ಬಂದು ಇಳಿಸಿದರು. ಆ ವಿಮಾನದ ಮಾದರಿಗೆ ಆಗಲೇ ಐವತ್ತು ವರ್ಷ!

ರನ್‌ವೇ27

ಎತ್ತರವನ್ನು ನಂಬಿ ಹೋಗಿ 1959ರಲ್ಲಿ ಒಂದು ಪೆಟ್ಟು, 1999ರಲ್ಲಿ ಇನ್ನೊಂದು. ನಡುವೆ ನಲವತ್ತು ವರ್ಷ, ವಿಮಾನ ಅದೇ.

2007ರ ಮೇ 11ರಂದು ಆಗ್ರಾದಲ್ಲಿ ಕ್ಯಾನ್‌ಬೆರಾಗಳು ನಿವೃತ್ತವಾದವು. ಬೆಂಗಳೂರಿನವರು ನೋಡಬೇಕೆಂದರೆ ಎಚ್‌ಎಎಲ್ ಮ್ಯೂಸಿಯಂ ಅಂಗಳದಲ್ಲಿ ಒಂದು ಕ್ಯಾನ್‌ಬೆರಾ ನಿಂತಿದೆ. ಮೂತಿಯ ಹತ್ತಿರ ಹೋಗಿ ನೋಡಿ, ಒಬ್ಬ ಮನುಷ್ಯ ಅಲ್ಲಿ ಮಲಗುವುದು ಹೇಗೆ ಅಂತ.

ಸುಮ್ನೆಓದುಗ

ಈಗ ಉಪಗ್ರಹ ಇದೆಯಲ್ಲ, ವಿಮಾನ ಯಾಕೆ ಬೇಕು?

ಮೋಡದಾಚೆ

2001ರ ಅಕ್ಟೋಬರ್‌ನಲ್ಲಿ ಇಸ್ರೋ ಟಿಇಎಸ್ ಎಂಬ ಉಪಗ್ರಹ ಹಾರಿಸಿತು. ಒಂದು ಮೀಟರಿನ ವಸ್ತು ಗುರುತಿಸುವಷ್ಟು ಚೂಪು ಕಣ್ಣು. 2009ರ ರಿಸ್ಯಾಟ್-2 ರಾಡಾರ್‌ನಿಂದ ನೋಡುತ್ತಿತ್ತು, ಮೋಡವಿದ್ದರೂ ರಾತ್ರಿಯಾದರೂ ಸರಿ. ಯಾರ ಗಡಿಯನ್ನೂ ದಾಟಿದ ಆರೋಪವಿಲ್ಲ, ಪೈಲಟ್ ಸೆರೆಸಿಗುವ ಭಯವಿಲ್ಲ.

ಆದರೆ ಉಪಗ್ರಹ ತನ್ನ ಹೊತ್ತಿಗೆ ಬರುತ್ತದೆ, ನಮ್ಮ ಹೊತ್ತಿಗಲ್ಲ. ಅದು ಯಾವಾಗ ನೆತ್ತಿಯ ಮೇಲೆ ಬರುತ್ತದೆ ಎಂದು ಕೆಳಗಿನವನಿಗೂ ಗೊತ್ತು. ಆ ಹತ್ತು ನಿಮಿಷ ಬಲೆ ಮುಚ್ಚಿ ಕೂತರಾಯಿತು. ಅದಕ್ಕೇ ಪೈಲಟ್ ಇಲ್ಲದ ವಿಮಾನಗಳು. ಗಂಟೆಗಟ್ಟಲೆ ಒಂದೇ ಜಾಗದ ಮೇಲೆ ಸುತ್ತುತ್ತಿರುತ್ತವೆ.

ಕರಾವಳಿಗಾಳಿ

ಹಳೇಪೆಟ್ಟಿಗೆಯವರು ಎಲ್ಲಿ ಹೋದರು? ಲಾರಿ ಇಳೀತಾ?

ಹಳೇಪೆಟ್ಟಿಗೆ

ಇಲ್ಲೇ ಇದ್ದೇನೆ. ಅಪ್ಪ ಎದ್ದರು. ಟೇಬಲ್ ಮೇಲೆ ಎಲ್ಲ ಹರಡಿದ್ದು ನೋಡಿ ಮೊದಲು ಬೈದರು. ಆಮೇಲೆ ಕನ್ನಡಕ ತೆಗೆದಿಟ್ಟು, ಕುರ್ಚಿ ಎಳೆದು ಕೂತರು. ಫೋಟೋಗಳನ್ನು ಉಗುರಿನ ತುದಿಯಿಂದ ಕೂದಲೆಳೆಯಷ್ಟು ಸರಿಸಿದರು. ನಾನು ಹತ್ತು ನಿಮಿಷ ಒದ್ದಾಡಿದ್ದನ್ನು ಎರಡು ಸೆಕೆಂಡಿನಲ್ಲಿ ಕೂರಿಸಿದರು.

ಲಾರಿ ಯಾಕೆ ತೇಲುತ್ತಿದೆ ಅಂತ ಜೋರಾಗಿ ಕೇಳಿದೆ. ತಲೆ ಎತ್ತದೆ ಹೇಳಿದರು: "ಇನ್ನೊಂದು ನಿಂತಿದೆ. ಇದು ಓಡ್ತಿದೆ."

ನನಗೆ ಅರ್ಥವಾಗಲಿಲ್ಲ. ಆಗ ಪೆನ್ಸಿಲ್ ತೊಗೊಂಡು ಪೇಪರ್ ಅಂಚಿನಲ್ಲಿ ಬರೆದು ತೋರಿಸಿದರು. ಎರಡು ಫೋಟೋ ನಡುವೆ ಒಂದೆರಡು ಸೆಕೆಂಡು ಹೋಗಿರುತ್ತದೆ. ನಿಂತ ಲಾರಿ ಎರಡರಲ್ಲೂ ಒಂದೇ ಜಾಗದಲ್ಲಿ. ಓಡುವ ಲಾರಿ ಅಷ್ಟರಲ್ಲಿ ಕೆಲವು ಮೀಟರ್ ಸರಿದಿರುತ್ತದೆ. ಕಣ್ಣಿಗೆ ಆ ಸರಿದದ್ದು ತಿಳಿಯಲ್ಲ, ಅದನ್ನು ಎತ್ತರ ಅಂತ ತಪ್ಪು ತಿಳಿಯುತ್ತದೆ. ವಿಮಾನಕ್ಕೆ ಎದುರಾಗಿ ಬಂದರೆ ತೇಲುತ್ತದೆ. ವಿಮಾನ ಹೋದ ಕಡೆಗೇ ಹೋದರೆ ಮುಳುಗುತ್ತದೆ.

"ಹೊಸ ಹುಡುಗರಿಗೆ ಇದೇ ಜೋಡಿ ಕೊಡ್ತಿದ್ವಿ. ಸೇತುವೆ ಮೇಲೆ ಏನಿದೆ ಹೇಳು ಅಂತ. ಎರಡು ಲಾರಿ ಅಂದವನಿಗೆ ವಾಪಸ್ ಕೊಡ್ತಿದ್ವಿ, ಇನ್ನೊಂದು ಸಲ ನೋಡು ಅಂತ."

ಅಪ್ಪ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ನನಗೆ ನೆನಪಿಲ್ಲ.

ಲೆಕ್ಕದಮೇಷ್ಟ್ರು

ಅಬ್ಬಾ! ನನಗೆ ಹೊಳೆಯಬೇಕಿತ್ತು. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ನಿಂತ ಫೋಟೋದಲ್ಲಿ ಓಡುವ ಗಾಡಿ ಹಿಡಿದುಬಿಟ್ಟರಲ್ಲ. ಎರಡು ಕ್ಲಿಕ್ಕಿನ ನಡುವಿನ ಸಮಯ ಗೊತ್ತಿದ್ದರೆ ಎಷ್ಟು ವೇಗದಲ್ಲಿ ಓಡುತ್ತಿತ್ತು ಅಂತಲೂ ಹೇಳಬಹುದು. ಕೇಳಿ ನೋಡಿ.

ಹಳೇಪೆಟ್ಟಿಗೆ

ಕೇಳಿದೆ ಮೇಷ್ಟ್ರೇ. "ಗೊತ್ತಿತ್ತು" ಅಂದರು. ಫೋಟೋ, ಗಾಜು ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು. ಕೀ ಅವರ ಜೇಬಿನಲ್ಲಿದೆ.